ಮುಚ್ಚಳ ತೆಗೆಯದ ಡಬ್ಬಿ

ಇಲ್ಲರಿ ಸರ್, ಫೋನ್ ಬಂದ್ ಮಾಡೂದಿಲ್ಲ. ಸೈಲೆಂಟ್ ಮಾಡಿ ಇಲ್ಲೇ ಮೈಕಿನ ಪಕ್ಕ ಇಟ್ಟುಕೊಳ್ಳುತ್ತೇನೆ, ಕ್ಷಮಿಸಬೇಕು. ಬೆಳಿಗ್ಗೆಯಿಂದ ಹದಿನೇಳು ಕಾಲ್ ಬಂದಿವೆ. ಇವತ್ತಿನ ಕಾರ್ಯಕ್ರಮದ ಕರಪತ್ರದಲ್ಲಿ ನನ್ನ ನಂಬರ್ ಹಾಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಗಂಟು, ಬಾವು, ಗಡ್ಡೆಗಳ ಸಲಹೆಗಾಗಿ’ ಎಂದು ಅಚ್ಚು ಹಾಕಿಸಿದ್ದು ಹೈದರಾಬಾದಿನ ನಮ್ಮ ಕನ್ನಡ ಸಂಘದವರೇ ಅಲ್ಲವೇ? ನಾನು ಕಟ್ಟಡಗಳಿಗೆ ಕಂಬಿ ಕಟ್ಟುವವನು. ಹನ್ನೊಂದನೇ ಮಹಡಿಯಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಇಕ್ಕಳ ಹಿಡಿದು ನಿಂತಿದ್ದಾಗ ಒಬ್ಬ ಹಿರಿಯರು ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಕೇಳುತ್ತಾರೆ. ನಾನು ಡಾಕ್ಟರಲ್ಲ ಎಂದರೆ, “ಹಂಗಾದ್ರ ಡಾಕ್ಟರ್ ಸಾಹೇಬರಿಗೆ ಕೊಡು” ಎನ್ನುತ್ತಾರೆ. ಮಧ್ಯಾಹ್ನ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದ. ಅಮೀರ್‌ಪೇಟ್‌ನಲ್ಲಿ ಮೆಟ್ರೋ ಬದಲಿಸುವಾಗ ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಈ ವೇದಿಕೆಗೆ ಕಾಲು ಎಳೆದುಕೊಂಡು ಬಂದದ್ದು ವಿನಯದಿಂದಲ್ಲ, ಚಪ್ಪಲಿಯಿಂದ.

ಆದರೆ ಹದಿನೇಳನೆಯ ಕಾಲ್ ಬೇರೆಯಾಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಅಧ್ಯಕ್ಷತೆ ವಹಿಸಿರುವ, ನಾರಾಯಣಗೂಡದ ಪಾತ್ರೆ ವ್ಯಾಪಾರಿಗಳೂ ನಮ್ಮೆಲ್ಲರ ಹಿರಿಯರೂ ಆದ ಹಣಮಂತರಾಯರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಶೈಲಶ್ರೀ ಮೇಡಂ ಅವರೇ, ಪರದೆಯ ಹಿಂದೆ ಗೆಜ್ಜೆ ಕಟ್ಟಿಕೊಂಡು ನನ್ನ ಮಾತು ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿರುವ ಮಕ್ಕಳೇ, ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಅವ್ವ ಗದಿಗೆಮ್ಮ, ತಂಗಿ ರೇಣುಕಾ, ಮತ್ತು ಸಭಿಕ ಬಂಧುಗಳೇ,

ನನ್ನ ಹೆಸರು ಮೌನಪ್ಪ. ಸುರಪುರದ ಕಡೆಯವನು. ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತು ಹೆತ್ತ ಮಗ. ಹೆಸರಿಗೂ ಬಾಯಿಗೂ ಹೊಂದಿಕೆಯಾಗಲಿಲ್ಲ, ಅದು ದೇವರ ತಪ್ಪಲ್ಲ. ಇವತ್ತಿನ ಭಾಷಣಕ್ಕೆಂದು ನಾನು ಮೂರು ದಿನ ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಸಂಘದ ಶಾಂಭವಿ ಮೇಡಂ ಚೆಂದದ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಈ ಹಾಳೆಯಲ್ಲಿ ಎಲ್ಲ ಸರಿಯಾಗಿದೆ. ನಾನು ಅವರಿಗೆ ಹೇಳಿದ್ದೇ ಅರ್ಧ ಸರಿ ಇರಲಿಲ್ಲ.

ಈಗ ತಾನೆ ನನ್ನ ಸನ್ಮಾನ ಪತ್ರ ಓದಿದರು. “ತಂಗಿಯ ದೇಹದಿಂದ ತೆಗೆದ ಗಡ್ಡೆಯ ಮಾದರಿಯನ್ನು ಎಂಟು ತಿಂಗಳ ಕಾಲ ಮನೆಯಲ್ಲಿ ಜೋಪಾನವಾಗಿ ಕಾಪಾಡಿ, ಸಕಾಲದಲ್ಲಿ ಪ್ರಯೋಗಾಲಯಕ್ಕೆ ಒಪ್ಪಿಸಿದ ಜಾಗೃತ ಸಹೋದರ.” ನೀವು ಚಪ್ಪಾಳೆ ತಟ್ಟಿದಿರಿ. ಒಬ್ಬರು ಮಾತ್ರ ತಟ್ಟಲಿಲ್ಲ. ಅವ್ವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನ ಮುಖ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಆದರೆ ಕಿವಿ ಚೆನ್ನಾಗಿವೆ. ಮನೆಯಲ್ಲಿ ಎಂಟು ತಿಂಗಳು ಯಾವ ಮಾದರಿಯೂ ಇರಲಿಲ್ಲ ಎಂಬುದು ಆ ಮನೆಯ ಕಸ ಗುಡಿಸುವವಳಿಗೆ ಗೊತ್ತಿರುವುದಿಲ್ಲವೇ?

ಸಭಿಕರೇ, ರೇಣುಕಾ ಹುಟ್ಟಿದಾಗಲೇ ಅವಳ ಬಲಗಡೆಯ ಕೊರಳಲ್ಲಿ, ದವಡೆಯ ಕೆಳಗೆ, ಒಂದು ಮೆತ್ತನೆಯ ಉಬ್ಬಿತ್ತು. ಮುಟ್ಟಿದರೆ ನೀರು ತುಂಬಿದ ಬಲೂನಿನ ಹಾಗೆ. ನೋವಿಲ್ಲ. ಆದರೆ ನೆಗಡಿ ಬಂತೆಂದರೆ ಸಾಕು, ಒಂದೇ ದಿನದಲ್ಲಿ ಊದಿ ಬಿಗಿಯುತ್ತಿತ್ತು, ಕೆಂಪಾಗುತ್ತಿತ್ತು, ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ನೆಗಡಿ ಹೋದರೆ ಅದೂ ಇಳಿಯುತ್ತಿತ್ತು. ಊರಿನಲ್ಲಿ ಒಬ್ಬರು ಬರೆ ಹಾಕಿಸಿ ಎಂದರು. ಒಬ್ಬರು ಸುಣ್ಣ ಹಚ್ಚಿ ಎಂದರು. ಅವ್ವ ಯಾವುದನ್ನೂ ಮಾಡಲಿಲ್ಲ. “ಕೂಸಿನ ಕೊರಳಿಗೆ ಕಾದ ಕಬ್ಬಿಣ ಇಡೋ ಕೈ ನನಗ ಕೊಡಬ್ಯಾಡ, ದೇವರ” ಎಂದು ಅವಳನ್ನು ಎತ್ತಿಕೊಂಡು ಹೈದರಾಬಾದಿಗೆ, ನನ್ನ ಬಳಿಗೆ ಬಂದಳು.

ನಾನಾಗ ಇಲ್ಲಿ ಏನು ಮಾಡುತ್ತಿದ್ದೆ? ಕೇಳಬೇಡಿ. ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕೋರ್ಸ್ ಅರ್ಧಕ್ಕೆ ಬಿಟ್ಟೆ. ಮಾಲ್‌ನಲ್ಲಿ ಸೆಕ್ಯುರಿಟಿ, ಆಮೇಲೆ ಊಟ ಹಂಚುವ ಬೈಕು, ಆಮೇಲೆ ದಿಲ್‌ಸುಖ್‌ನಗರದ ಬಟ್ಟೆ ಅಂಗಡಿ, ಕೊನೆಗೆ ಈ ಕಂಬಿ ಕೆಲಸ. ಆರು ವರ್ಷದಲ್ಲಿ ಒಂಬತ್ತು ಕೆಲಸ. ಅವ್ವ ಹೇಳುತ್ತಿದ್ದಳು, “ಇವನ ಕಾಲಿಗೆ ಚಕ್ರ ಐತಿ, ಬ್ರೇಕ್ ಇಲ್ಲ.” ನೀವು ನಗುತ್ತಿದ್ದೀರಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋದ ವರ್ಷ ಜನವರಿಯಲ್ಲಿ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತೆಗೆಯಲು ಸಿಕ್ಕಷ್ಟು ತೆಗೆದೆವು, ನರಗಳ ಹತ್ತಿರದ್ದನ್ನು ಮುಟ್ಟಲಿಲ್ಲ ಎಂದರು. ನರ್ಸ್ ಹೊರಗೆ ಬಂದು ನನ್ನ ಕೈಗೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ಚೀಟಿ ಕೊಟ್ಟರು. “ಇದನ್ನ ಎದುರು ಬಿಲ್ಡಿಂಗ್ ಲ್ಯಾಬಿಗೆ ಕೊಟ್ಟು ಬನ್ನಿ, ಬೇಗ.” ಒಳಗೆ ಮೂಗು ಸುಡುವ ನೀರು. ಅದರಲ್ಲಿ ತಂಗಿಯ ಗಡ್ಡೆ. ನಮ್ಮಂಥವರಿಗೆಲ್ಲ ಈ ಅನುಭವವಿದೆ. ಕತ್ತರಿಸುವುದು ಡಾಕ್ಟರು, ಹೊತ್ತುಕೊಂಡು ಹೋಗುವುದು ನಾವು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ದೇಹದಿಂದ ಬೇರೆಯಾದದ್ದನ್ನು ಕಂಡಲ್ಲಿ ಎಸೆಯುವುದಿಲ್ಲ. ಹೊಕ್ಕಳಬಳ್ಳಿ ಇರಲಿ, ಹೆರಿಗೆಯಲ್ಲಿ ಬೀಳುವ ಕಸ ಇರಲಿ, ಮಣ್ಣಿಗೆ ಕೊಡುತ್ತೇವೆ. ಅವ್ವ ವಾರ್ಡಿನ ಬಾಗಿಲಲ್ಲಿ ನಿಂತು ಡಬ್ಬಿ ನೋಡಿ, “ಅದನ್ನ ಹುಗೀಬೇಕಲ್ಲ, ಮೌನ್ಯಾ” ಎಂದಳು.

ಈ ಹಾಳೆಯಲ್ಲಿ ಇದು ಇಲ್ಲ. ಶೈಲಶ್ರೀ ಮೇಡಂಗೂ ಇದು ಗೊತ್ತಿಲ್ಲ. ಹೌದು ಮೇಡಂ, ನಮ್ಮ ಮನೆಯ ಅಟ್ಟದ ಮೇಲಿದೆ ಎಂದು ನಿಮಗೆ ಹೇಳಿದ್ದೆನಲ್ಲ, ಆ ಡಬ್ಬಿ ಅಲ್ಲಿ ಇರಲಿಲ್ಲ. ಅದು ಲ್ಯಾಬಿಗೂ ಹೋಗಲಿಲ್ಲ. ನಾನು ಆಗ ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟ್ ಸೈಟಿನಲ್ಲಿ, ಕಾಂಪೌಂಡಿನ ಮೂಲೆಯ ಬೇವಿನ ಗಿಡದ ಬುಡದಲ್ಲಿ ಹುಗಿದುಬಿಟ್ಟೆ.

ಇಷ್ಟು ಹೇಳಿದರೆ ನೀವು ಏನೆಂದುಕೊಳ್ಳುತ್ತೀರಿ? ಪಾಪ, ಹಳ್ಳಿಯ ತಾಯಿ, ಮೂಢನಂಬಿಕೆ, ಮಗ ಮಾತು ಮೀರಲಿಲ್ಲ. ಎಂಟು ತಿಂಗಳು ನಾನೂ ನನ್ನೊಳಗೆ ಹಾಗೆಯೇ ಹೇಳಿಕೊಂಡೆ. ಅದು ಸುಳ್ಳು. ಅವ್ವ ಅವತ್ತು ಮುಂದಿನ ಮಾತನ್ನೂ ಆಡಿದ್ದಳು. “ಡಾಕ್ಟರ್ ಕೇಳಿದ್ರ ಮೊದಲ ಅವರಿಗೆ ತೋರ್ಸು. ಅವರು ನೋಡಿ ಉಳಿದದ್ದು ಕೊಟ್ರ ಹುಗಿಯೂಣು. ಅವಸರ ಏನೈತಿ?”

ಅವಸರ ಇದ್ದದ್ದು ಯಾರಿಗೆ? ನನಗೆ. ಲ್ಯಾಬಿನ ಕಿಟಕಿ ಮುಚ್ಚಿತ್ತು, ಊಟದ ಹೊತ್ತು, ಎರಡು ಗಂಟೆಗೆ ಬನ್ನಿ ಎಂದು ಬೋರ್ಡು. ನಲವತ್ತು ನಿಮಿಷ ಕಾಯಬೇಕಿತ್ತು. ನಲವತ್ತೇ ನಿಮಿಷ. ನನಗೆ ಬೆಂಚಿನ ಮೇಲೆ ಕೂರಲು ಆಗುವುದಿಲ್ಲ. ಗಡ್ಡೆ ಹೊರಗೆ ಬಂದಾಯಿತು, ಇನ್ನೇನು ನೋಡುತ್ತಾರೆ ಅನ್ನಿಸಿತು. ಬಸ್ ಹತ್ತಿದೆ. ಅವ್ವನಿಗೆ ಫೋನ್ ಮಾಡಿ, “ಲ್ಯಾಬಿನವರು ನೋಡಿ ವಾಪಸ್ ಕೊಟ್ರು, ಹುಗದು ಬರ್ತೀನಿ” ಎಂದೆ. ಅವಳು ಸಮಾಧಾನದಿಂದ ಒಂದೊಂದೇ ಹೇಳಿದಳು. ಉಪ್ಪು ಹಾಕು, ಅರಿಶಿಣ ಹಾಕು. ಕೊನೆಗೆ, “ಡಬ್ಬಿ ಸಮೇತ ಹುಗೀಬ್ಯಾಡೋ. ಮುಚ್ಚಳ ತಗದು ಮಣ್ಣಿಗೆ ಬಿಡು. ಡಬ್ಬ್ಯಾಗ ಇಟ್ರ ಕೈದಿ ಹಂಗ ಆಕ್ಕೈತಿ, ಮಣ್ಣು ಮುಟ್ಟಬೇಕು.”

ನಾನು ಮುಚ್ಚಳ ತೆಗೆಯಲಿಲ್ಲ. ಆ ವಾಸನೆ ಇನ್ನೊಮ್ಮೆ ಮೂಗಿಗೆ ಬರುವುದು ಬೇಡವಾಗಿತ್ತು. ಗುಂಡಿ ತೋಡಿದೆ, ಡಬ್ಬಿಯನ್ನು ಹಾಗೆಯೇ ಇಟ್ಟೆ, ಮಣ್ಣು ಎಳೆದೆ. ಅವ್ವ ಸಂಜೆ ಕೇಳಿದಳು, “ಮಣ್ಣು ಮುಟ್ಟಿತಾ?” “ಹೂಂ, ಮುಟ್ಟಿತು” ಎಂದೆ.

ಹಿರಿಯರೇ, ಪತ್ರದಲ್ಲಿ ಬರೆದಿರುವ ಜೋಪಾನ ಇದು. ಜೋಪಾನವಲ್ಲ, ಹೇಸಿಗೆ.

ಮಳೆಗಾಲ ಬಂತು. ರೇಣುಕಾಳಿಗೆ ಶಾಲೆಯಿಂದ ನೆಗಡಿ ಹತ್ತಿತು, ಬಿಟ್ಟುಹೋದ ಚೂರು ಎದ್ದು ಲಿಂಬೆಹಣ್ಣಿನಷ್ಟಾಯಿತು. ಈ ಬಾರಿ ನೆಗಡಿ ಹೋದರೂ ಇಳಿಯಲಿಲ್ಲ. ಇನ್ನೊಂದು ಆಸ್ಪತ್ರೆಗೆ ಹೋದೆವು. ಸೂಜಿ ಹಾಕಿ ನೀರು ತೆಗೆದರು, ಪರೀಕ್ಷೆ ಮಾಡಿದರು. ಹನಿಯ ತುಂಬ ಬಿಳಿ ರಕ್ತಕಣ, ಒತ್ತೊತ್ತಾಗಿ. ಡಾಕ್ಟರರು ಹಣೆ ಗಂಟಿಕ್ಕಿ, “ಇಷ್ಟೊಂದು ಇರಬಾರದು. ಕ್ಯಾನ್ಸರ್ ಇದ್ದರೂ ಇರಬಹುದು. ಹೋದ ಸಲ ತೆಗೆದಿದ್ದರ ರಿಪೋರ್ಟ್ ಎಲ್ಲಿ?” ಎಂದರು. ರಿಪೋರ್ಟ್ ಇಲ್ಲದಿದ್ದರೆ ಕೊರಳನ್ನು ಮತ್ತೆ ತೆರೆದು ಚೂರು ತೆಗೆಯಬೇಕು, ಬಾಯಿ ಓರೆಯಾಗುವ ಅಪಾಯವಿದೆ, ಆದರೂ ಬೇರೆ ದಾರಿಯಿಲ್ಲ ಎಂದರು.

ರೇಣುಕಾ ಹೊರಗೆ ಬಂದು ಕೇಳಿದಳು. “ಅಣ್ಣಾ, ಬಾಯಿ ಓರೆ ಆದ್ರ ಐಸ್‌ಕ್ರೀಮ್ ಸೋರ್ತೈತೇನು?”

ಕಲಬುರಗಿಯ ಮೇಡಂ ಒಬ್ಬರಿದ್ದಾರೆ, ದೇಹದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರು, ನಮ್ಮ ಭಾಷೆ ಬರುತ್ತದೆ ಎಂದು ಯಾರೋ ಹೇಳಿದರು. ಅವರೇ ಶೈಲಶ್ರೀ ಮೇಡಂ. ಫೋನಿನಲ್ಲಿ ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. “ಆ ಡಬ್ಬಿ ಎಲ್ಲೈತಿ?” ನನ್ನ ಬಾಯಿ ತಾನೇ ಹೇಳಿತು, “ಮನ್ಯಾಗ ಐತ್ರಿ ಮೇಡಂ, ಅಟ್ಟದ ಮ್ಯಾಲ.” “ಮುಚ್ಚಳ ತಗದೀರೇನು?” “ಇಲ್ಲರಿ.” “ದೇವರು ದೊಡ್ಡವ. ಔಷಧದ ನೀರಿನ್ಯಾಗ ಇದ್ರ ಕೆಟ್ಟಿರೂದಿಲ್ಲ. ನಾಳೆ ತರ್ರಿ.”

ಮರುದಿನ ಬೆಳಕು ಹರಿಯುವಾಗ ನಾನು ಮತ್ತು ನನ್ನ ಜೊತೆಯ ಕಂಬಿ ಕೆಲಸದ ಹುಸೇನಪ್ಪ ಆ ಹಳೆಯ ಸೈಟಿಗೆ ಹೋದೆವು. ಅಲ್ಲಿ ಈಗ ಜನ ಬಂದು ವಾಸವಾಗಿದ್ದಾರೆ. ಬೇವಿನ ಗಿಡ ಉಳಿದಿತ್ತು, ಸುತ್ತ ಹುಲ್ಲುಹಾಸು, ಪಕ್ಕದಲ್ಲಿ ಮಕ್ಕಳ ಜಾರುಬಂಡೆ. ನಾವೇ ಕಟ್ಟಿದ ಕಟ್ಟಡ, ನಮ್ಮನ್ನೇ ಒಳಗೆ ಬಿಡಲಿಲ್ಲ. ಹುಸೇನಪ್ಪ ಹೆಗಲ ಮೇಲಿನ ಸಲಿಕೆ ತೋರಿಸಿ, “ಪೈಪ್ ಲೀಕೇಜ್” ಎಂದ, ಬಿಟ್ಟರು. ಎರಡು ಅಡಿ ತೋಡಿದಾಗ ವಾಚ್‌ಮನ್ ಓಡಿಬಂದು “ಏಂ ಚೇಸ್ತುನ್ನಾರು ರಾ?” ಎಂದು ತೆಲುಗಿನಲ್ಲಿ ಕೂಗಿದ, ಏನು ಮಾಡ್ತಿದ್ದೀರಿ ಅಂತ. ಹುಸೇನಪ್ಪ ತಲೆ ಎತ್ತದೆ, “ಲೀಕೇಜ್ ಸಿಗವಲ್ದು ಸಾರ್, ನೀವೂ ಒಂದ್ ಕೈ ಹಾಕ್ರಿ” ಎಂದ. ಮೂರು ಕಡೆ ತೋಡಿದೆವು. ನಾಲ್ಕನೇ ಕಡೆ ಸಲಿಕೆಯ ತುದಿಗೆ ಟಕ್ ಎಂದು ಪ್ಲಾಸ್ಟಿಕ್ ತಾಗಿತು. ಡಬ್ಬಿಗೆ ಅಂಟಿಸಿದ್ದ ಚೀಟಿಯ ಮೇಲೆ ಹೆಸರು ಅಳಿಸಿತ್ತು, ಆಸ್ಪತ್ರೆಯ ನಂಬರ್ ಉಳಿದಿತ್ತು. ಒಳಗಿನ ನೀರು ಒಂದು ಹನಿಯೂ ಸೋರಿರಲಿಲ್ಲ.

ನಲ್ಲಿಯ ಕೆಳಗೆ ತೊಳೆದು, ಅಂಗಿಯಿಂದ ಒರೆಸಿ ಮೇಡಂಗೆ ಕೊಟ್ಟೆ. ಮುಚ್ಚಳದ ಸುತ್ತಿನಲ್ಲಿ ಸ್ವಲ್ಪ ಕೆಂಪು ಮಣ್ಣು ಉಳಿದುಹೋಗಿತ್ತು. ಮೇಡಂ ಅದನ್ನು ನೋಡಿದರು. ಹತ್ತಿ ತೆಗೆದುಕೊಂಡು ಮೆಲ್ಲಗೆ ಒರೆಸಿದರು. ಅಟ್ಟದ ಮೇಲೆ ಮಣ್ಣು ಎಲ್ಲಿಂದ ಬರುತ್ತದೆ, ಮೇಡಂ? ನೀವು ಅವತ್ತು ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ. ಈಗ ನೀವು ನಗುತ್ತಿರುವುದು ನೋಡಿದರೆ ನಿಮಗೆ ಗೊತ್ತಿತ್ತು ಅನ್ನಿಸುತ್ತದೆ.

ನಾಲ್ಕು ದಿನದ ನಂತರ ಅವರು ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಬೆಂಚಿನ ಮೇಲೆ ಕೂರದವನು ಅವತ್ತು ಒಂದು ತಾಸು ಕೂತೆ. ಗುಲಾಬಿ ಬಣ್ಣದ ತೆಳ್ಳನೆಯ ಗೋಡೆಗಳು, ಗೋಡೆಯ ನಡುವೆ ಖಾಲಿ ಕೋಣೆಗಳು. ರಕ್ತನಾಳದ ಹಾಗೆಯೇ ದೇಹದಲ್ಲಿ ಇನ್ನೊಂದು ಬಗೆಯ ನಾಳಗಳಿವೆಯಂತೆ, ಮೈಯೊಳಗಿನ ಹೆಚ್ಚಿನ ತಿಳಿನೀರನ್ನು ಸಾಗಿಸುವುದಕ್ಕೆ. ರೇಣುಕಾ ಹೊಟ್ಟೆಯಲ್ಲಿದ್ದಾಗಲೇ ಕೆಲವು ನಾಳಗಳು ಸರಿಯಾಗಿ ಕೂಡಿಕೊಳ್ಳಲಿಲ್ಲ, ಚೀಲದ ಹಾಗೆ ಬೆಳೆದವು. ಯಾರ ತಪ್ಪೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ಆ ಗೋಡೆಗಳಲ್ಲಿ ಅಲ್ಲಲ್ಲಿ ನೀಲಿ ಚುಕ್ಕೆಗಳ ಗುಂಪು, ಒತ್ತೊತ್ತಾಗಿ, ದುಂಡಗೆ.

“ಇವ ಏನ್ರಿ ಕ್ಯಾನ್ಸರ್?” ಎಂದೆ.

“ಅಲ್ಲ. ಇವು ಕಾವಲುಗಾರರು. ರೋಗದ ಕೂಡ ಹೊಡೆದಾಡೋ ಕಣ. ಇಲ್ಲಿ ಬಂದು ಠಿಕಾಣಿ ಹೂಡ್ಯಾವ.”

ನನಗೆ ತಕ್ಷಣ ಕಂಡದ್ದು ಬೆಳಗಿನ ಕೂಲಿ ಅಡ್ಡಾ. ಆರು ಗಂಟೆಗೆ ನಾವೆಲ್ಲ ಊಟದ ಡಬ್ಬಿ ಕಟ್ಟಿಕೊಂಡು ಸರ್ಕಲ್ಲಿನಲ್ಲಿ ನಿಲ್ಲುತ್ತೇವೆ. ವಾಹನ ಬಂದರೆ ಹೋಗುತ್ತೇವೆ. ವಾಹನ ಬರದಿದ್ದರೆ ಎಲ್ಲಿಗೆ ಹೋಗೋಣ? ಅಲ್ಲೇ ನಿಲ್ಲುತ್ತೇವೆ. ಇನ್ನಷ್ಟು ಜನ ಬಂದು ಸೇರುತ್ತಾರೆ. ಕಾರಿನಲ್ಲಿ ಹೋಗುವವರು ಕಿಟಕಿ ಇಳಿಸಿ, ಇದೇನು ಗಲಾಟೆ, ಪೊಲೀಸರನ್ನು ಕರೆಯಿರಿ ಎನ್ನುತ್ತಾರೆ. ನಾನು ಇದನ್ನು ಹೇಳಿದಾಗ ಮೇಡಂ ಕುರ್ಚಿ ತಿರುಗಿಸಿ, “ಇದನ್ನ ನಾ ನಮ್ಮ ವಿದ್ಯಾರ್ಥಿಗಳಿಗೆ ಹೇಳ್ತೀನಿ” ಎಂದರು. ನೆಗಡಿ ಬಂದಾಗ ಗಡ್ಡೆ ಊದುತ್ತಿದ್ದದ್ದು ಇದಕ್ಕೇ. ಕಾವಲುಗಾರರು ಎಚ್ಚೆತ್ತು ಎದ್ದು ನಿಲ್ಲುತ್ತಾರೆ, ನೀರು ತುಂಬುತ್ತದೆ, ಹೊರಗೆ ಹೋಗಲು ದಾರಿ ಸಾಲದು. ಸೂಜಿಯ ಹನಿಯಲ್ಲಿ ಬರೀ ಗುಂಪು ಕಂಡಿತ್ತು, ಗೋಡೆ ಕಂಡಿರಲಿಲ್ಲ. ಇಡೀ ಚೂರು ಸಿಕ್ಕಿದ್ದಕ್ಕೆ ಗೋಡೆ ಕಂಡಿತು, ಗುಂಪು ಎಲ್ಲಿ ನಿಂತಿದೆ ಎಂದು ಕಂಡಿತು. ಕಣಗಳನ್ನು ಬೇರೆ ಬೇರೆ ಬಣ್ಣ ಹಾಕಿಯೂ ಪರೀಕ್ಷಿಸಿದರು. ಕ್ಯಾನ್ಸರ್ ಅಲ್ಲ.

ಆ ಕಾವಲುಗಾರರು ಗಡ್ಡೆಯನ್ನು ಕಾಯುತ್ತಿದ್ದಾರೋ, ಬೆಳೆಯಲು ಅವರೇ ಕೈಜೋಡಿಸುತ್ತಿದ್ದಾರೋ ಎಂದೂ ಕೇಳಿದೆ. “ಅದು ನಮಗೂ ಪೂರಾ ಗೊತ್ತಿಲ್ಲ, ಮೌನಪ್ಪ. ನೋಡಾಕತ್ತೀವಿ” ಎಂದರು. ಗೊತ್ತಿಲ್ಲ ಎಂದು ಹೇಳಿದ ಮೊದಲ ಡಾಕ್ಟರು ಅವರು. ಅವತ್ತಿನಿಂದ ಅವರು ಹೇಳುವ ಉಳಿದದ್ದನ್ನೆಲ್ಲ ನಂಬುತ್ತೇನೆ.

ಕೊರಳನ್ನು ಮತ್ತೆ ತೆರೆಯಲಿಲ್ಲ. ಪರೀಕ್ಷೆಗೆ ಹಳೆಯ ಚೂರು ಎಲ್ಲಿಂದ ಬಂತೆಂದು ಅವ್ವನಿಗೆ ನಾನು ಹೇಳಲಿಲ್ಲ. ಒಂದು ಮಾತ್ರೆ ಶುರುವಾಯಿತು. ಅದು ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆ, ಜೊತೆಗೆ ಕಾವಲುಗಾರರನ್ನೂ ಸ್ವಲ್ಪ ತಣ್ಣಗೆ ಮಾಡುತ್ತದೆ. ಹಾಗಾಗಿ ಜ್ವರ ಬಂದರೆ ಮನೆಯಲ್ಲಿ ಕೂರುವಂತಿಲ್ಲ, ಆಗಾಗ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಲಿಂಬೆಹಣ್ಣಿನಷ್ಟಿದ್ದದ್ದು ಈಗ ಬೋರೆಹಣ್ಣಿನಷ್ಟಿದೆ. ಪೂರ್ತಿ ಹೋಗಿಲ್ಲ. ಹೋಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಐಸ್‌ಕ್ರೀಮ್ ಸೋರುವುದಿಲ್ಲ.

ಎಲ್ಲ ಸುಖವಾಗಿ ಮುಗಿಯಿತಲ್ಲ, ಇನ್ನೇಕೆ ಈ ತಪ್ಪೊಪ್ಪಿಗೆ ಎಂದು ಹಣಮಂತರಾಯರು ಗಡಿಯಾರ ನೋಡುತ್ತಿದ್ದಾರೆ. ಎರಡೇ ನಿಮಿಷ, ಸರ್.

ಗಡ್ಡೆ ತಿರುಗಿ ಬಂದ ದಿನ ಅವ್ವ ನನ್ನನ್ನು ಬೈಯಲಿಲ್ಲ, ಡಾಕ್ಟರರನ್ನು ಬೈಯಲಿಲ್ಲ. ಒಂದು ಮಾತು ಹೇಳಿದಳು. “ಮಣ್ಣಿಗೆ ಕೊಟ್ಟಿದ್ದನ್ನ ಮಣ್ಣು ಒಲ್ಲೆ ಅಂತು. ನನ್ನದ ಏನೋ ತಪ್ಪು ಆಗೇತಿ.” ಅವತ್ತು ಚಪ್ಪಲಿ ಬಿಟ್ಟಳು. ಮಣ್ಣು ಸಿಟ್ಟು ಇಳಿಸುವ ತನಕ ಮಣ್ಣಿನ ಮೇಲೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಹರಕೆ. ಈ ಊರಿನಲ್ಲಿ ಮಣ್ಣು ಎಲ್ಲಿದೆ? ಡಾಂಬರು. ಎಂಟು ತಿಂಗಳಿಂದ ಬರಿಗಾಲಲ್ಲಿ ನಾಲ್ಕು ಮನೆಯ ಕೆಲಸಕ್ಕೆ ಹೋಗಿ ಬರುತ್ತಾಳೆ. ಇವತ್ತು ಈ ಸಭಾಂಗಣಕ್ಕೂ ಬರಿಗಾಲಲ್ಲೇ ಬಂದಿದ್ದಾಳೆ. ರಾತ್ರಿ ಹಿಮ್ಮಡಿಯ ಬಿರುಕಿಗೆ ಮೇಣ ತುಂಬಿಕೊಳ್ಳುವುದನ್ನು ನಾನು ನೋಡುತ್ತೇನೆ, ಗೋಡೆ ಕಡೆ ತಿರುಗಿ ಮಲಗುತ್ತೇನೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂಬತ್ತು ಕೆಲಸ ಬಿಡಲು ಬಂದ ನನಗೆ ಒಂದು ಸುಳ್ಳು ಬಿಡಲು ಬರಲಿಲ್ಲ.

ಈಗ ಹದಿನೇಳನೆಯ ಕಾಲ್. ದಿಲ್‌ಸುಖ್‌ನಗರದ ಆಚೆ ಕೂಲಿಯವರ ಕ್ಯಾಂಪಿನಿಂದ ಅಹಲ್ಯಾ ಎಂಬ ಹೆಣ್ಣುಮಗಳು. ಒಂಬತ್ತು ತಿಂಗಳ ಕೂಸಿನ ಕೊರಳಲ್ಲಿ ಮೆತ್ತನೆಯ ಬಾವು, ನೆಗಡಿ ಬಂದು ಊದಿದೆ. ನಾಳೆ ಬೆಳಿಗ್ಗೆ ಬರೆ ಹಾಕುವವನನ್ನು ಮಾವ ಕರೆಸಿದ್ದಾನೆ. ನಮ್ಮವ್ವ ಬರೆ ಹಾಕಿಸಲು ಒಪ್ಪಲಿಲ್ಲ ಎಂದು ನಾನು ಹೇಳಿದಾಗ ಆಕೆ ಅಳಲಿಲ್ಲ, ಸಣ್ಣ ದನಿಯಲ್ಲಿ ಕೇಳಿದಳು. “ಅಣ್ಣಾ, ನಿಮ್ಮವ್ವ ಹಿರ್ಯಾರಿಗೆ ಹೆಂಗ ಎದುರು ನಿಂತ್ಲು? ನನಗ ಹೇಳಿಕೊಡ್ರಿ.” ಕೂಸಿಗೆ ಉಸಿರು ಕಷ್ಟವಾದರೆ, ಜ್ವರ ಏರಿದರೆ ಯಾರನ್ನೂ ಕಾಯದೆ ಆಸ್ಪತ್ರೆಗೆ ಓಡು ತಂಗಿ ಎಂದೆ. ಉಳಿದದ್ದನ್ನು ವಾಪಸ್ ಫೋನ್ ಮಾಡಿ ಹೇಳುತ್ತೇನೆ ಎಂದೆ. ಯಾಕೆಂದರೆ ಅವ್ವನ ಹೆಸರು ಹೇಳಿ ಆಕೆಗೆ ಧೈರ್ಯ ಕೊಡುವ ಮೊದಲು, ಅವ್ವನ ಮುಂದೆ ನಾನು ಹೇಳಬೇಕಾದ್ದು ಬಾಕಿ ಇತ್ತು.

ಅವ್ವಾ. ಸೆರಗು ಬಾಯಿಗೆ ಒತ್ತಿಕೊಂಡೀ, ನಗಾಕತ್ತೀಯೋ ಅಳಾಕತ್ತೀಯೋ ಇಲ್ಲಿಂದ ಕಾಣವಲ್ದು, ಈ ಲೈಟ್ ನನ್ನ ಕಣ್ಣಿಗೇ ಬಿಟ್ಟಾರ. ಮಣ್ಣು ಒಲ್ಲೆ ಅನ್ನಲಿಲ್ಲ ಅವ್ವ. ಮಣ್ಣಿಗೆ ನಾನ ಕೊಡಲಿಲ್ಲ. ಮುಚ್ಚಳ ತಗೀಲಿಲ್ಲ. ಗಡ್ಡಿ ಬಂದದ್ದು ಒಳಗ ಉಳಿದಿದ್ದ ಚೂರಿನಿಂದ, ನಿನ್ನ ತಪ್ಪಿನಿಂದ ಅಲ್ಲ. ನೀ ಏನೂ ತಪ್ಪು ಮಾಡಿಲ್ಲ. ನಿನ್ನ ಚಪ್ಪಲಿ ನನ್ನ ಚೀಲದಾಗ ಅದಾವು, ರೇಣುಕಾನ ಕುರ್ಚಿ ಕೆಳಗ. ಹಾಕ್ಕೋ.

ಸನ್ಮಾನ ಪತ್ರದಲ್ಲಿ ‘ಜೋಪಾನವಾಗಿ ಕಾಪಾಡಿ’ ಎಂಬ ಸಾಲಿನ ಮೇಲೆ ಒಂದು ಗೆರೆ ಎಳೆದುಕೊಡಿ, ಹಣಮಂತರಾಯರೇ. ಶಾಲನ್ನು ವಾಪಸ್ ಕೊಡುವುದಿಲ್ಲ, ರೇಣುಕಾ ಆಗಲೇ ಅದರ ಗೊಂಡೆ ಎಣಿಸುತ್ತಿದ್ದಾಳೆ. ಡಬ್ಬಿಯೊಳಗೆ ಉಳಿದ ಚೂರುಗಳು ನಿಮ್ಮ ಲ್ಯಾಬಿನ ಕೆಲಸ ಮುಗಿದ ಮೇಲೆ ನಮಗೆ ಸಿಗಬಹುದೇ ಎಂದು ಕೇಳಬೇಕಿತ್ತು, ಮೇಡಂ. ಸಿಕ್ಕರೆ ಈ ಬಾರಿ ಅವ್ವನ ಕೈಗೇ ಕೊಡುತ್ತೇನೆ.

ನನ್ನ ಸುಳ್ಳನ್ನು ಇಷ್ಟು ಹೊತ್ತು ಕೂತು ಕೇಳಿದ ನಿಮಗೆ, ಅದನ್ನು ಹತ್ತಿಯಲ್ಲಿ ಒರೆಸಿ ಸುಮ್ಮನಿದ್ದ ಮೇಡಂಗೆ, ಸಲಿಕೆ ಹಿಡಿದ ಹುಸೇನಪ್ಪನಿಗೆ, ಗೆಜ್ಜೆ ಕಟ್ಟಿಕೊಂಡು ಕಾದ ಮಕ್ಕಳಿಗೆ ನಾನು ಋಣಿ. ಎಲ್ಲರಿಗೂ ಶರಣು, ನಮಸ್ಕಾರ.

ಈಗ ಏಳು ಇಪ್ಪತ್ತು. ಅವ್ವಾ, ಫೋನ್ ತಂದು ನಿನ್ನ ಕೈಗೆ ಕೊಡ್ತೀನಿ. ಬರೆ ಹಾಕಬ್ಯಾಡ ಅಂತ ನಾ ಹೇಳೂದಕ್ಕಿಂತ ನೀ ಹೇಳು, ಹಿರ್ಯಾರ ಎದುರು ಹೆಂಗ ನಿಂತೆ ಅನ್ನೂದನ್ನೂ ಹೇಳು. ಸಿಟ್ಟು ಇದ್ರ ನನ್ನ ಕೂಡ ಆಮ್ಯಾಲ ತೀರಿಸ್ಕೋ. ಅಹಲ್ಯಾಗ ವಾಪಸ್ ಫೋನ್ ಮಾಡ್ತೀನಿ ಅಂದದ್ದು ಏಳೂವರೆಗೆ.